33 ತಿಂಗಳ ಉತ್ತರ, 40 ವರ್ಷದ ಪ್ರಶ್ನೆ

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ತಲೆಯ ಕಾಯಿಲೆ ಎಂದರೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಬೀದರಿನಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಸುಮಾರು 140 ಕಿಲೋಮೀಟರ್ ಬಂದರೆ ಪಂಜಗುಟ್ಟದ ನಿಮ್ಸ್ ಆಸ್ಪತ್ರೆ. ಸುತ್ತಮುತ್ತ ಖಾಸಗಿ ಆಸ್ಪತ್ರೆಗಳೂ ಬೇಕಾದಷ್ಟಿವೆ. ಫಿಟ್ಸ್ ಬಂತೆಂದೋ ತಲೆನೋವು ಬಿಡಲಿಲ್ಲವೆಂದೋ ಮಾಡಿಸಿದ ಎಂಆರ್‌ಐಯಲ್ಲಿ ಕೆಲವರಿಗೆ ‘ಎವಿಎಂ’ ಕಾಣಿಸುತ್ತದೆ. ಅಪಧಮನಿಗೂ ಅಭಿಧಮನಿಗೂ ನಡುವೆ ಇರಬೇಕಾದ ಲೋಮನಾಳಗಳಿಲ್ಲದೆ ಎರಡೂ ನೇರವಾಗಿ ಹೆಣೆದುಕೊಂಡ ಗೋಜಲು ಅದು. ಅಪಧಮನಿಯ ರಭಸವೆಲ್ಲ ತೆಳು ಗೋಡೆಯ ಅಭಿಧಮನಿಯ ಮೇಲೆ ಬೀಳುತ್ತದೆ. ಒಡೆದರೆ ಮಿದುಳಿನೊಳಗೆ ರಕ್ತಸ್ರಾವ. ಒಡೆಯುವ ಮೊದಲೇ ಸಿಕ್ಕಿಬಿದ್ದಾಗ ಮನೆಯವರ ಪ್ರಶ್ನೆ ಒಂದೇ: “ಆಪರೇಶನ್ ಮಾಡಸಬೇಕೋ ಬ್ಯಾಡೋ, ನೀವೇ ಹೇಳ್ರಿ ಸಾಹೇಬ್ರ.”

ಈ ಪ್ರಶ್ನೆಗೆ ಉತ್ತರ ಹುಡುಕಿದ ಅತಿ ಮುಖ್ಯ ಅಧ್ಯಯನ ‘ಅರೂಬಾ’. ಅಮೆರಿಕದ ನರತಜ್ಞ ಜೆ. ಪಿ. ಮೋರ್ ಮುಂದಾಳುತನದಲ್ಲಿ 2007ರಲ್ಲಿ ಆರಂಭವಾಗಿ, 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂಬತ್ತು ದೇಶಗಳ 39 ಕೇಂದ್ರಗಳಲ್ಲಿ, ಎಂದೂ ರಕ್ತ ಸೋರದ ಎವಿಎಂ ಇದ್ದ ವಯಸ್ಕರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಟ್ಸ್, ತಲೆನೋವು, ಬಿಪಿಗೆ ಬೇಕಾದ ಮಾತ್ರೆಗಳು ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಶಸ್ತ್ರಚಿಕಿತ್ಸೆ, ನಾಳದೊಳಗೆ ಅಂಟು ತುಂಬುವುದು, ವಿಕಿರಣ, ಇವುಗಳಲ್ಲಿ ಒಂದೋ ಹೆಚ್ಚೋ. ಸರಾಸರಿ 33 ತಿಂಗಳಲ್ಲಿ ಸಾವು ಅಥವಾ ಪಾರ್ಶ್ವವಾಯು ಕಂಡವರು ಮಾತ್ರೆಯ ಗುಂಪಿನಲ್ಲಿ ಶೇ. 10.1, ಚಿಕಿತ್ಸೆಯ ಗುಂಪಿನಲ್ಲಿ ಶೇ. 30.7. ಅಂತರ ಇಷ್ಟು ದೊಡ್ಡದಾದ್ದರಿಂದ 2013ರ ಏಪ್ರಿಲ್‌ನಲ್ಲೇ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು.

ಈ ಅಧ್ಯಯನದ ಉಪಕಾರ ದೊಡ್ಡದು, ಅದನ್ನು ಮೊದಲು ಹೇಳಬೇಕು. ‘ತಲೆಯಲ್ಲಿ ಟೈಂ ಬಾಂಬ್ ಇದೆ’ ಎಂಬ ಒಂದೇ ಮಾತಿಗೆ ಹೆದರಿ ಹೊಲ ಮಾರಿ ಆಪರೇಶನ್ನಿಗೆ ಓಡುವವರನ್ನು ತಡೆದು ನಿಲ್ಲಿಸುವ ಪುರಾವೆ ಇದರಿಂದ ಸಿಕ್ಕಿತು. ಚಿಕಿತ್ಸೆಯೂ ಹಾನಿ ಮಾಡಬಲ್ಲದು, ಅದೂ ಮೊದಲ ದಿನಗಳಲ್ಲೇ, ಎಂಬುದನ್ನು ಅಂಕಿಯಲ್ಲಿ ತೋರಿಸಿತು. 2020ರಲ್ಲಿ ಬಂದ ಅಂತಿಮ ವರದಿಯಲ್ಲಿ, ಸರಾಸರಿ 50 ತಿಂಗಳಾದ ಮೇಲೂ, ಆ ಅಂತರ ಮುಚ್ಚಿರಲಿಲ್ಲ.

ಆದರೆ ಅರೂಬಾ ಉತ್ತರಿಸಿದ್ದು ಕೆಲವೇ ವರ್ಷಗಳ ಪ್ರಶ್ನೆಗೆ. ಮಾತ್ರೆಯ ಗುಂಪಿನಲ್ಲಿ ಗೋಜಲು ತಾನಾಗಿ ಒಡೆದದ್ದು ವರ್ಷಕ್ಕೆ ಶೇ. 2.2ರಂತೆ. ಇದೇ ದರ ಮುಂದುವರಿಯುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಮೂರು ವರ್ಷಕ್ಕೆ ನೂರರಲ್ಲಿ ಆರೇಳು ಮಂದಿಗೆ ರಕ್ತಸ್ರಾವ. 65 ವರ್ಷದ ಅಜ್ಜನ ಮುಂದಿನ 15 ವರ್ಷಕ್ಕೆ ನೂರರಲ್ಲಿ ಸುಮಾರು 28. ಈಗ 30 ದಾಟದ ಹೆಣ್ಣುಮಗಳ ಮುಂದಿನ 40 ವರ್ಷಕ್ಕೆ ಸುಮಾರು 59. ವರ್ಷದ ದರ ಒಂದೇ ಆದರೂ ಅಜ್ಜನ ಪಾಲಿನ ಅಪಾಯ ಬೇರೆ, ಮೊಮ್ಮಗಳ ಪಾಲಿನದು ಬೇರೆ. ಚಿಕಿತ್ಸೆಯ ಅಪಾಯ ಬಹುಪಾಲು ಆರಂಭದಲ್ಲೇ ಎದುರಾಗುತ್ತದೆ, ಕಾಯುವುದರ ಅಪಾಯ ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ವಿಕಿರಣ ಕೊಟ್ಟರೆ ಗೋಜಲು ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ರಕ್ತಸ್ರಾವದ ಭಯ ಇದ್ದೇ ಇರುತ್ತದೆ. 33 ತಿಂಗಳಿಗೆ ಲೆಕ್ಕ ಮುಗಿಸಿದರೆ ವಿಕಿರಣದ ನಷ್ಟ ಪುಸ್ತಕಕ್ಕೆ ಏರುತ್ತದೆ, ಲಾಭ ಏರುವುದಿಲ್ಲ.

ಎರಡನೆಯ ಕೊರತೆ, ಯಾರನ್ನು ಅಳೆದರು ಎಂಬುದು. ಅರ್ಹರೆಂದು ಕಂಡ 726 ಮಂದಿಯಲ್ಲಿ ಅಧ್ಯಯನಕ್ಕೆ ಸೇರಿದವರು 226. ಚಿಕಿತ್ಸೆಯ ಗುಂಪಿನಲ್ಲೂ ಬರೀ ಶಸ್ತ್ರಚಿಕಿತ್ಸೆ ಆದವರು ಬೆರಳೆಣಿಕೆಯಷ್ಟು. 1986ರಲ್ಲಿ ಬಂದ ಸ್ಪೆಟ್ಜ್ಲರ್–ಮಾರ್ಟಿನ್ ಶ್ರೇಣಿ ಗೋಜಲಿನ ಗಾತ್ರ, ಅದು ಮಾತು ಅಥವಾ ಕೈಕಾಲಿನ ಚಲನೆ ನೋಡಿಕೊಳ್ಳುವಂಥ ಜಾಗದಲ್ಲಿದೆಯೇ, ರಕ್ತ ಆಳದ ಅಭಿಧಮನಿಗೆ ಹರಿಯುತ್ತದೆಯೇ ಎಂಬ ಮೂರನ್ನು ಕೂಡಿ ಒಂದರಿಂದ ಐದರವರೆಗೆ ಅಂಕ ಕೊಡುತ್ತದೆ. ಒಂದು, ಎರಡನೆಯ ಶ್ರೇಣಿಯವನ್ನು ನುರಿತ ಕೈ ಸುರಕ್ಷಿತವಾಗಿ ತೆಗೆಯಬಲ್ಲದು. ಅಂಥವರಿಗೆ ಅರೂಬಾದ ಒಟ್ಟು ಸರಾಸರಿಯನ್ನು ಅನ್ವಯಿಸುವುದು ನ್ಯಾಯವಲ್ಲ.

ಈ ಶ್ರೇಣಿಯನ್ನೇ ರಕ್ತಸ್ರಾವದ ಅಳತೆಗೋಲು ಎಂದುಕೊಳ್ಳುವುದೂ ತಪ್ಪು. ಅದು ಅಳೆಯುವುದು ಆಪರೇಶನ್ನಿನ ಅಪಾಯವನ್ನು. ಒಡೆಯುವ ಅಪಾಯ ಹೆಚ್ಚಿಸುವ ಅಂಶಗಳೆಂದರೆ ಹಿಂದೆ ಒಮ್ಮೆ ಒಡೆದಿರುವುದು, ಗೋಜಲು ಆಳದಲ್ಲಿರುವುದು, ರಕ್ತವೆಲ್ಲ ಆಳದ ಅಭಿಧಮನಿಗೇ ಹೋಗುವುದು, ಜೊತೆಗೆ ನಾಳದಲ್ಲಿ ಉಬ್ಬು ಇರುವುದು. ಆಳದ ಹರಿವು ಎರಡೂ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಬೇಕು. ಯಾರಿಗೆ ಒಡೆಯುವ ಭಯ ಹೆಚ್ಚೋ ಅವರಲ್ಲಿ ಹಲವರಿಗೆ ಆಪರೇಶನ್ನೂ ಕಷ್ಟ. ಒಮ್ಮೆ ಒಡೆದವರಂತೂ ಅರೂಬಾದಲ್ಲಿ ಇರಲೇ ಇಲ್ಲ. ಅವರಿಗೆ ಮತ್ತೆ ಒಡೆಯುವ ದರ ಸುಮಾರು ಎರಡು ಪಟ್ಟು, ಮೊದಲ ವರ್ಷದಲ್ಲಿ ಇನ್ನೂ ಹೆಚ್ಚು. ‘ಮುಟ್ಟದೆ ಬಿಡಿ ಎಂದು ದೊಡ್ಡ ಅಧ್ಯಯನವೇ ಹೇಳಿದೆ’ ಎಂದು ಅಂಥ ರೋಗಿಯನ್ನು ಊರಿಗೆ ಕಳಿಸಿದರೆ ಅದು ಅರೂಬಾಕ್ಕೂ ರೋಗಿಗೂ ಮಾಡಿದ ಅನ್ಯಾಯ.

ಇನ್ನು ‘ಕಾಯೋಣ’ ಎಂಬ ಸಲಹೆ. ಹೈದರಾಬಾದಿನಲ್ಲೇ ಮನೆ ಇದ್ದವರು ಕಾಯುವುದಕ್ಕೂ ಔರಾದ್ ತಾಲ್ಲೂಕಿನ ಹಳ್ಳಿಯವರು ಕಾಯುವುದಕ್ಕೂ ವ್ಯತ್ಯಾಸವಿದೆ. ಹಳ್ಳಿಯಲ್ಲಿ ರಾತ್ರಿ ಗೋಜಲು ಒಡೆದರೆ ನರಶಸ್ತ್ರಚಿಕಿತ್ಸಕರ ಮುಂದೆ ಬರಲು ತಾಸುಗಟ್ಟಲೆ ಬೇಕು. ಫಿಟ್ಸ್ ಮಾತ್ರೆ ಹಳ್ಳಿಯ ಅಂಗಡಿಯಲ್ಲಿ ಮುಗಿದಿರಬಹುದು, ಬಿಪಿ ನೋಡದೆ ತಿಂಗಳುಗಳೇ ಕಳೆಯಬಹುದು. ಕಾಯುವುದೂ ಒಂದು ಚಿಕಿತ್ಸೆ. ಮಾತ್ರೆ, ಬಿಪಿ, ಹೇಳಿದ ಹೊತ್ತಿಗೆ ಎಂಆರ್‌ಐ, ಇವು ತಪ್ಪದೆ ನಡೆದರೆ ಮಾತ್ರ ಆ ಹೆಸರಿಗೆ ಅರ್ಥ.

ಅರೂಬಾ ಪ್ರಾಮಾಣಿಕ ಅಧ್ಯಯನ, ಅಪೂರ್ಣ ತೀರ್ಪು. ದುಡುಕಿನ ಚಿಕಿತ್ಸೆಯ ವಿರುದ್ಧ ಅದು ಗಟ್ಟಿ ಸಾಕ್ಷಿ. ಎಲ್ಲರನ್ನೂ ಹಾಗೇ ಬಿಟ್ಟುಬಿಡಲು ಕೊಟ್ಟ ಪರವಾನಗಿ ಅಲ್ಲ. ಹೈದರಾಬಾದಿನ ಹೊರರೋಗಿ ವಿಭಾಗದಲ್ಲಿ ಅದನ್ನು ಸರಿಯಾಗಿ ಬಳಸಬೇಕಾದರೆ ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಐದು ಸಂಗತಿ ಇರಬೇಕು: ಗೋಜಲು ಹಿಂದೆ ಒಡೆದಿದೆಯೇ, ಶ್ರೇಣಿ ಎಷ್ಟು, ರಕ್ತ ಎತ್ತ ಹರಿಯುತ್ತದೆ, ಈ ರೋಗಿಯ ವಯಸ್ಸಿಗೆ ಎರಡೂ ದಾರಿಯ ಅಪಾಯ ಎಷ್ಟು, ಮುಂದೆ ಯಾವಾಗ ಬರಬೇಕು. ಗಡಿ ದಾಟಿ ಬಂದವರಿಗೆ ಅದು ಕನ್ನಡದಲ್ಲಿರಬೇಕು. ‘ಬಾಂಬ್ ಇದೆ’ ಎನ್ನುವುದೂ ‘ಏನೂ ಆಗಲ್ಲ ಹೋಗಿ’ ಎನ್ನುವುದೂ ಒಂದೇ ತಪ್ಪಿನ ಎರಡು ಮುಖ. ಎರಡರಲ್ಲೂ ರೋಗಿಗೆ ಸೇರಬೇಕಾದ ಲೆಕ್ಕ ರೋಗಿಗೆ ಸಿಗುವುದಿಲ್ಲ.