ಗೊತ್ತಿಲ್ಲದ ಮೀನಿಗೊಂದು ಅಂಕಿ

ಅಕ್ವೇರಿಯಂ ಅಂಗಡಿಯಲ್ಲಿ ಗಾಜಿಗೆ ಬಾಯಿ ಅಂಟಿಸಿಕೊಂಡು ನಿಂತ ಕಂದು ಚುಕ್ಕೆಯ ಮೀನನ್ನು ತೋರಿಸಿ ಇದೇನು ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ‘ಸಕ್ಕರ್’, ಇಲ್ಲವೇ ‘ಟ್ಯಾಂಕ್ ಕ್ಲೀನರ್’. ಮೊದಲನೆಯದು ಅದರ ಬಾಯಿಯ ವರ್ಣನೆ. ಎರಡನೆಯದು ನಾವು ಅದಕ್ಕೆ ವಹಿಸಿರುವ ಚಾಕರಿ. ಸ್ವಲ್ಪ ಓದಿಕೊಂಡವರು ‘ಪ್ಲೆಕೊ’ ಎನ್ನುತ್ತಾರೆ. ಈ ಮೂರನೆಯ ಹೆಸರು ಶಾಸ್ತ್ರದ ಹೆಸರಿನಂತೆ ಕೇಳಿಸುವುದರಿಂದ ಹೆಚ್ಚು ಅಪಾಯಕಾರಿ.

ಪ್ಲೆಕೊ ಎಂಬುದು ‘ಪ್ಲೆಕೊಸ್ಟೋಮಸ್’ ಪದದ ತುಂಡು. 1758ರಲ್ಲಿ ಲಿನೇಯಸ್ ದಕ್ಷಿಣ ಅಮೆರಿಕದ ಒಂದು ಕ್ಯಾಟ್‌ಫಿಶ್‌ಗೆ ಆ ಹೆಸರಿಟ್ಟ. ತಮಾಷೆಯೆಂದರೆ ಆತ ಅದನ್ನು ಸ್ಟರ್ಜನ್ ಮೀನುಗಳ ಕುಲಕ್ಕೆ ಸೇರಿಸಿದ್ದ; ಮೈಮೇಲಿನ ಎಲುಬಿನ ಕವಚ ನೋಡಿ ಹಾಗೆನಿಸಿರಬೇಕು. ಆಮೇಲೆ ಕುಲ ಬದಲಾಗಿ ಅದು ಹೈಪೋಸ್ಟೋಮಸ್ ಪ್ಲೆಕೊಸ್ಟೋಮಸ್ ಆಯಿತು. ಆ ಮೀನು ಇರುವುದು ಸುರಿನಾಮ್, ಗಯಾನಾ ಕಡೆಯ ನದಿಗಳಲ್ಲಿ. ಅಂಗಡಿಗಳಿಗೆ ಅದು ಬರುವುದು ತೀರ ಅಪರೂಪ. ಅಂದರೆ ಜಗತ್ತಿನಾದ್ಯಂತ ‘ಕಾಮನ್ ಪ್ಲೆಕೊ’ ಎಂದು ಮಾರಾಟವಾಗುವುದು ಬಹುಪಾಲು ಬೇರೆಯದೇ ಮೀನು, ಬೇರೆ ಕುಲದ್ದು: ಟೆರಿಗೋಪ್ಲಿಕ್ತಿಸ್.

ಇವೆರಡನ್ನು ಬೇರ್ಪಡಿಸಲು ಪ್ರಯೋಗಾಲಯ ಬೇಕಿಲ್ಲ. ಬೆನ್ನಿನ ಈಜುರೆಕ್ಕೆಯ ಮುಂದಿನ ಗಟ್ಟಿ ಮುಳ್ಳನ್ನು ಬಿಟ್ಟು ಹಿಂದಿನ ಮೆದು ಕಡ್ಡಿಗಳನ್ನು ಎಣಿಸಬೇಕು. ಸಾಮಾನ್ಯವಾಗಿ 7 ಇದ್ದರೆ ಹೈಪೋಸ್ಟೋಮಸ್, 9 ಅಥವಾ ಹೆಚ್ಚಿದ್ದರೆ ಟೆರಿಗೋಪ್ಲಿಕ್ತಿಸ್. ಇನ್ನೂ ಮುಂದೆ ಹೋಗಬೇಕೆಂದರೆ ಮೀನು ಗಾಜಿಗೆ ಅಂಟಿಕೊಂಡಾಗ ಹೊಟ್ಟೆ ನೋಡಬೇಕು. ಚುಕ್ಕೆಗಳು ಬಿಡಿಬಿಡಿಯಾಗಿದ್ದರೆ ಪಾರ್ಡಾಲಿಸ್. ಒಂದಕ್ಕೊಂದು ಕೂಡಿಕೊಂಡು ಹುಳು ಹರಿದ ಗೆರೆಯಂತಾಗಿದ್ದರೆ ಡಿಸ್‌ಜಂಕ್ಟಿವಸ್. ಎರಡರ ನಡುವೆ ನಿಲ್ಲುವ ಹೊಟ್ಟೆಗಳೂ ಬೇಕಾದಷ್ಟಿವೆ, ಅದರಲ್ಲೂ ಈ ಮೀನು ಹೊರಗಿನಿಂದ ಬಂದು ನೆಲೆಸಿದ ನೀರುಗಳಲ್ಲಿ. ಅಲ್ಲಿ ಪ್ರಾಮಾಣಿಕನಾದವನು ಹೆಸರು ಹೇಳದೆ ಸುಮ್ಮನಾಗಬೇಕಾಗುತ್ತದೆ.

ಇಷ್ಟು ಸೂಕ್ಷ್ಮ ಯಾಕೆ ಬೇಕು ಎಂದು ಕೇಳಬಹುದು. ಎರಡಂಗುಲದ ‘ಟ್ಯಾಂಕ್ ಕ್ಲೀನರ್’ ಮನೆಗೆ ತಂದವನಿಗೆ ಅದು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆಂದು ಆ ಹೆಸರು ಹೇಳುವುದಿಲ್ಲ. ಬೆಳೆದ ಮೇಲೆ ಅವನು ಅದನ್ನು ಕೊಲ್ಲಲಾರ, ಸಾಕಲಾರ. ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಡುತ್ತಾನೆ, ಜೀವ ಉಳಿಸಿದೆ ಎಂಬ ಸಮಾಧಾನದಿಂದ. ಕೇರಳ, ಆಂಧ್ರ, ಬಂಗಾಳದ ನೀರುಗಳಲ್ಲಿ, ಬೆಂಗಳೂರಿನ ಕೆರೆಗಳಲ್ಲಿ ಈಗ ಬಲೆಗೆ ಬೀಳುವ ಕವಚದ ಮೀನುಗಳ ಹಿಂದೆ ಇಂಥ ಬಕೆಟ್ಟುಗಳೂ ಇವೆ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ, ತಿನ್ನಲು ಯಾರೂ ಕೊಳ್ಳುವುದಿಲ್ಲ. ನಮ್ಮ ಹಳ್ಳಿಯವರು ಮುಳ್ಳು ಚುಚ್ಚಿಸಿಕೊಂಡು ‘ಚೇಳುಮೀನು’ ಎಂದು ಹೆಸರಿಟ್ಟರಲ್ಲ, ಅದು ನೋವು ಅನುಭವಿಸಿ ಕೊಟ್ಟ ಹೆಸರು, ಎಚ್ಚರಿಕೆಯೂ ಹೌದು. ‘ಟ್ಯಾಂಕ್ ಕ್ಲೀನರ್’ ಮಾರುವವನಿಗೆ ಅನುಕೂಲವಾದ ಹೆಸರು.

ಇದಕ್ಕೆ ಎದುರಾಗಿ ಹವ್ಯಾಸಿಗಳೇ ಕಟ್ಟಿಕೊಂಡ ಒಂದು ಪದ್ಧತಿಯಿದೆ. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಗಮನಿಸಬೇಕೆಂಬುದು ನನ್ನ ಆಸೆ. 1988ರಲ್ಲಿ ಜರ್ಮನಿಯ ‘ಡಾಟ್ಸ್’ ಎಂಬ ಅಕ್ವೇರಿಯಂ ಪತ್ರಿಕೆಗೆ ಒಂದು ಸಮಸ್ಯೆ ಎದುರಾಗಿತ್ತು. ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಕವಚದ ಕ್ಯಾಟ್‌ಫಿಶ್‌ಗಳಲ್ಲಿ ಎಷ್ಟೋ ಮೀನುಗಳಿಗೆ ಶಾಸ್ತ್ರೀಯ ಹೆಸರೇ ಇರಲಿಲ್ಲ. ವಿಜ್ಞಾನಿಗಳು ಹೆಸರಿಡುವವರೆಗೆ ಕಾಯುವಂತಿಲ್ಲ. ತಾವೇ ಲ್ಯಾಟಿನ್ ಹೆಸರು ಹುಟ್ಟಿಸಿದರೆ ಅದು ವಂಚನೆ. ಪತ್ರಿಕೆಯವರು ಮೀನಿನ ಚಿತ್ರ ಅಚ್ಚುಹಾಕಿ, ಅದು ಸಿಕ್ಕ ಜಾಗ ತಿಳಿಸಿ, ಪಕ್ಕದಲ್ಲೊಂದು ಅಂಕಿ ಬರೆದರು: ಎಲ್-1, ಎಲ್-2, ಎಲ್-3. ಎಲ್ ಎಂದರೆ ಲೊರಿಕಾರಿಡೇ, ಆ ಮೀನುಗಳ ಕುಟುಂಬದ ಹೆಸರು. ಪಟ್ಟಿ ಈಗ ಐನೂರರ ಗಡಿ ಯಾವತ್ತೋ ದಾಟಿದೆ.

ವಚನ ಸಂಪುಟಗಳನ್ನು ತಿರುವಿದವರಿಗೆ ಇದು ಹೊಸದಲ್ಲ. ಅಂಕಿತ ಸಿಕ್ಕಿದೆ, ಬರೆದವರು ಯಾರೋ ತಿಳಿದಿಲ್ಲ. ಸಂಪಾದಕರು ಅಲ್ಲಿ ಹೆಸರು ಊಹಿಸಿ ತುಂಬದೆ ‘ಅಜ್ಞಾತ ವಚನಕಾರರು’ ಎಂದು ಅಂಕಿತದಡಿಯಲ್ಲೇ ವಚನಗಳನ್ನು ಕೊಡುತ್ತಾರೆ. ಎಲ್ ಸಂಖ್ಯೆಯೂ ಅಂಥದೇ ಅಂಕಿತ. ಈ ಮೀನು ಇನ್ನೊಂದರಂತಿಲ್ಲ ಎಂಬಷ್ಟು ಮಾತ್ರ ಅದು ಹೇಳುತ್ತದೆ. ಜೀವಶಾಸ್ತ್ರಜ್ಞರಲ್ಲೂ ಈ ಸಂಕೋಚಕ್ಕೆ ಒಂದು ವ್ಯಾಕರಣವಿದೆ. ಹೆಸರಿನ ಮಧ್ಯೆ ‘ಸಿಎಫ್.’ ಎಂದಿದ್ದರೆ ಆ ಪ್ರಭೇದವೇ ಇರಬಹುದು, ಹೋಲಿಸಿ ನೋಡಿ ಎಂದರ್ಥ, ‘ಎಎಫ್‌ಎಫ್.’ ಎಂದಿದ್ದರೆ ಅದರ ನೆಂಟ, ಅದೇ ಅಲ್ಲ, ಬರೀ ‘ಎಸ್‌ಪಿ.’ ಎಂದರೆ ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ. ನಮ್ಮ ವಿಮರ್ಶೆಯ ಭಾಷೆಯಲ್ಲಿ ಇಂಥ ಮೂರು ಚಿಕ್ಕ ಗುರುತುಗಳಿದ್ದಿದ್ದರೆ ಎಷ್ಟೋ ಕರ್ತೃತ್ವದ ಜಗಳಗಳು ತಣ್ಣಗಿರುತ್ತಿದ್ದವು.

ಧೈರ್ಯವಾಗಿ ತಪ್ಪು ಹೆಸರಿಟ್ಟರೆ ಏನಾಗುತ್ತದೆಂಬುದಕ್ಕೆ ಗಾಜಿನ ಕ್ಯಾಟ್‌ಫಿಶ್ ಸಾಕು. ಮೈಯೊಳಗಿನ ಮುಳ್ಳು ಕಾಣುವಷ್ಟು ಪಾರದರ್ಶಕವಾದ ಥಾಯ್ಲೆಂಡಿನ ಈ ಮೀನು ದಶಕಗಳ ಕಾಲ ಕ್ರಿಪ್ಟಾಪ್ಟೆರಸ್ ಬೈಸಿರಿಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು, ಆಮೇಲೆ ಮೈನರ್ ಎಂಬ ಹೆಸರಿನಲ್ಲಿ. ಎರಡೂ ಬೇರೆ ಮೀನುಗಳ ಹೆಸರು. 2013ರಲ್ಲಿ ಎನ್‌ಜಿ ಮತ್ತು ಕೊಟೆಲಾಟ್ ಎಂಬ ವಿಜ್ಞಾನಿಗಳು ಅದಕ್ಕೆ ವಿಟ್ರಿಯೋಲಸ್ ಎಂದು ಹೆಸರಿಡುವವರೆಗೆ, ಲಕ್ಷಾಂತರ ಜನ ಸಾಕಿದ ಮೀನಿಗೆ ಸ್ವಂತ ಹೆಸರೇ ಇರಲಿಲ್ಲ. ಹೆಸರು ಇದ್ದದ್ದರಿಂದಲೇ ಯಾರೂ ಹುಡುಕಲಿಲ್ಲವೇನೋ.

ಕಣ್ಣನ್ನು ಪೂರ್ತಿ ನಂಬುವಂತೆಯೂ ಇಲ್ಲ. ಕೊರಿಡೋರಾಸ್ ಗುಂಪಿನ ಪುಟ್ಟ ಕ್ಯಾಟ್‌ಫಿಶ್‌ಗಳಲ್ಲಿ ಒಂದೇ ಹೊಳೆಯಲ್ಲಿ ಒಟ್ಟಿಗಿರುವ, ಒಂದೇ ಬಣ್ಣ, ಒಂದೇ ಪಟ್ಟೆ ಹೊತ್ತ ಮೀನುಗಳು ಎಷ್ಟೋ ಸಲ ದೂರದ ವಂಶಗಳವು ಎಂದು 2011ರಲ್ಲಿ ‘ನೇಚರ್’ ಪತ್ರಿಕೆಯ ಒಂದು ಅಧ್ಯಯನ ತೋರಿಸಿತು. ಇವುಗಳಿಗೆ ಮುಳ್ಳಿನ ರಕ್ಷಣೆಯಿದೆ. ಒಂದೇ ವೇಷ ಹಾಕಿಕೊಂಡರೆ ತಿನ್ನಲು ಬರುವವರಿಗೆ ಪಾಠ ಬೇಗ ತಲುಪುತ್ತದೆ. ಅಲ್ಲಿ ಬಣ್ಣ ಬಿಟ್ಟು ಮೂತಿ ನೋಡಬೇಕು: ಒಂದರದು ಉದ್ದ, ಇನ್ನೊಂದರದು ಮೊಂಡು. 2024ರಲ್ಲಿ ಆ ಕುಲವನ್ನೇ ಹಲವು ಕುಲಗಳಾಗಿ ಒಡೆದರು. ಕೊರಿಡೋರಾಸ್ ಎಂಬ ಹೆಸರು ಉದ್ದ ಮೂತಿಯವುಗಳಿಗೆ ಉಳಿದು, ಎಲ್ಲರ ಮನೆಯ ಕಂಚಿನ ಬಣ್ಣದ ಕೋರಿ ಆಸ್ಟಿಯೋಗ್ಯಾಸ್ಟರ್ ಆಗಿಬಿಟ್ಟಿತು. ಹವ್ಯಾಸಿಗಳು ಗೊಣಗಿದರು. ವೇಷ ನೋಡಿ ಕಾಲ ನಿರ್ಧರಿಸಿದ ಶಾಸನವೊಂದರ ಲಿಪಿ ಬೇರೆ ಕಾಲದ್ದು ಎಂದು ತಿಳಿದಾಗ ನಾವೂ ಹೀಗೇ ಗೊಣಗುತ್ತೇವೆ.

ಆದರೆ ಎಲ್ ಸಂಖ್ಯೆಯ ಮೇಲೆ ನನ್ನದೊಂದು ದೂರಿದೆ. ಬ್ರೆಜಿಲ್‌ನ ಶಿಂಗು ನದಿಯ ಕಪ್ಪು ಬಿಳುಪು ಪಟ್ಟೆಯ ಎಲ್-46ಕ್ಕೆ 1991ರಲ್ಲೇ ಹೈಪ್ಯಾನ್ಸಿಸ್ಟ್ರಸ್ ಝೀಬ್ರಾ ಎಂಬ ಹೆಸರು ಬಂತು. ಅಜ್ಞಾತವಾಗಿದ್ದು ತಿಳಿಯಿತು, ಅಂಕಿಯ ಕೆಲಸ ಮುಗಿಯಿತು. ಆದರೂ ಮಾರುಕಟ್ಟೆ ಇವತ್ತಿಗೂ ಎಲ್-46 ಎಂದೇ ಕೂಗುತ್ತದೆ, ಯಾಕೆಂದರೆ ಅಂಕಿಗೆ ಈಗ ಬೆಲೆಯಿದೆ. ಅದೇ ನದಿಯ ಎಲ್-66, ಎಲ್-333 ಇನ್ನೂ ತೊಡಕಿನವು. ಎರಡರ ಮೈಮೇಲೂ ಅಂಕುಡೊಂಕು ಗೆರೆ. ಒಂದೇ ಸಂಸಾರದ ಮರಿಗಳಲ್ಲೂ ಗೆರೆ ಬೇರೆಬೇರೆ ಬರಬಹುದು. ತೊಟ್ಟಿಯಲ್ಲಿ ಈ ಕುಲದ ಮೀನುಗಳು ಪರಸ್ಪರ ಬೆರೆತು ಮರಿ ಹಾಕುವುದೂ ಉಂಟು. ಅಂಥ ಮರಿಯ ಗೆರೆಯನ್ನು ಚಿತ್ರಕ್ಕೆ ಹೋಲಿಸಿ ಒಂದು ಸಂಖ್ಯೆ ಅಂಟಿಸಿದರೆ ಅದು ಓದು ಅಲ್ಲ. ಪತ್ರಿಕೆ ಅಂಕಿ ಕೊಟ್ಟಾಗ ಅದರ ಜೊತೆ ಮೀನು ಬಂದ ಜಾಗವೂ ಇತ್ತು. ವ್ಯಾಪಾರ ಅಂಕಿಯನ್ನು ಇಟ್ಟುಕೊಂಡು ನದಿಯನ್ನು ಕೈಬಿಟ್ಟಿತು. ಓಲೆಯ ಪ್ರತಿ ಯಾವ ಮಠದ್ದು, ಯಾರ ಮನೆಯದ್ದು ಎಂಬುದನ್ನು ಅಳಿಸಿ ಅಂಕಿತ ಮಾತ್ರ ಉಳಿಸಿಕೊಂಡಂತೆ.

ನನ್ನ ತೊಟ್ಟಿಯಲ್ಲಿ ಮೂತಿಯ ತುಂಬ ಮೆದು ಕೊಂಬುಗಳಿರುವ ಒಂದು ಜೋಡಿಯಿದೆ. ಇಂಥವು ಕೈಯಿಂದ ಕೈಗೆ ದಾಟುತ್ತ ಎಷ್ಟೋ ತಲೆಮಾರು ತೊಟ್ಟಿಗಳಲ್ಲೇ ಬೆಳೆದಿವೆ. ಪ್ರಭೇದ ಯಾವುದೆಂಬ ಚರ್ಚೆ ಮುಗಿದಿಲ್ಲ. ಹೋದ ಸಲ ಮರಿಗಳನ್ನು ಅಂಗಡಿಗೆ ಕೊಡುವಾಗ ಚೀಟಿಯಲ್ಲಿ ಹೀಗೆ ಬರೆದೆ: ‘ಆನ್ಸಿಸ್ಟ್ರಸ್ ಎಸ್‌ಪಿ., ತೊಟ್ಟಿಯಲ್ಲಿ ಹುಟ್ಟಿದ್ದು, ಮೂಲ ನದಿ ತಿಳಿಯದು, ಐದಾರು ಅಂಗುಲ ಬೆಳೆಯುತ್ತದೆ.’ ಅಂಗಡಿಯವರು ಓದಿ ನಕ್ಕರು. “ಇಷ್ಟುದ್ದ ಬರೆದ್ರೆ ಯಾರು ಸಾರ್ ಓದ್ತಾರೆ?” ಎಂದರು. ಆಮೇಲೆ ‘ಐದಾರು ಅಂಗುಲ’ ಎಂಬುದನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆದು ಗಾಜಿಗೆ ಅಂಟಿಸಿದರು.