ಬೇಲಿಯಿಲ್ಲದ ತೊಟ್ಟಿಲು

ರಾಮನಾಥಪುರದ ಷಷ್ಠಿ ಜಾತ್ರೆಗೆ ಕೊಣನೂರು ಕಡೆಯ ಜನ ಹೋಗುವುದು ಪ್ರಸನ್ನ ಸುಬ್ರಹ್ಮಣ್ಯನ ತೇರು ನೋಡಲು, ಕಾವೇರಿಯಲ್ಲಿ ಮೀಯಲು, ವಹ್ನಿ ಪುಷ್ಕರಿಣಿಯ ಮೀನಿಗೆ ಪುರಿ ಎಸೆಯಲು. ಮನೆಗೆ ಮರಳುವಾಗ ಮಕ್ಕಳ ಬಾಯಲ್ಲಿರುವುದು ಮಾತ್ರ ತೊಟ್ಟಿಲಿನ ಸುದ್ದಿ. ಈ ಜೈಂಟ್ ವೀಲ್, ತೂಗಾಡುವ ಕೊಲಂಬಸ್ ಹಡಗು, ಬೈಕು ಗೋಡೆ ಹತ್ತುವ ಸಾವಿನ ಬಾವಿ ಇವೆಲ್ಲ ಜಾತ್ರೆಗೆ ಅಂಟಿಕೊಂಡ ಗದ್ದಲವೆಂದು ಜಾತ್ರೆಯ ಮೇಲೆ ಬರೆಯುವವರು ದಾಟಿ ಹೋಗುತ್ತಾರೆ. ಆದರೆ ಈ ಆಟಗಳದ್ದೂ ಒಳ್ಳೆಯದು ಕೆಟ್ಟದ್ದು ತೂಗಿ ನೋಡಬೇಕಾದ ಕಸುಬು ಎಂದು ನನ್ನ ಎಣಿಕೆ.

ತಿರುಗುವ ತೊಟ್ಟಿಲು ಅಮೆರಿಕದಿಂದ ಬಂತು ಎನ್ನುವುದು ಅರ್ಧ ಸತ್ಯ. ಇಂಗ್ಲೆಂಡಿನ ಪ್ರವಾಸಿ ಪೀಟರ್ ಮಂಡಿ 1620ರಲ್ಲೇ ಇಂದಿನ ಬಲ್ಗೇರಿಯದಲ್ಲಿ ಇಂಥದ್ದನ್ನು ಕಂಡು ಬರೆದಿಟ್ಟಿದ್ದಾನೆ. ನಮ್ಮ ಜಾತ್ರೆಗಳಲ್ಲೂ ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲುಗಳಿದ್ದವು. 1893ರ ಷಿಕಾಗೋ ಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಅದನ್ನು 264 ಅಡಿ ಎತ್ತರಕ್ಕೆ ಏರಿಸಿದ; 36 ಪೆಟ್ಟಿಗೆ, ಒಂದೊಂದರಲ್ಲಿ 60 ಜನ. ಅದು ಎಂಜಿನಿಯರನ ಸಾಹಸ, ಒಪ್ಪೋಣ. ಆದರೆ ಅಮೆರಿಕದ ಮನರಂಜನೆಯ ಲೋಕವನ್ನು ನಿಜವಾಗಿ ಬದಲಿಸಿದ್ದು ಚಕ್ರವಲ್ಲ, ಬೇಲಿ.

ನ್ಯೂಯಾರ್ಕಿನ ಕೋನಿ ಐಲೆಂಡ್ ಮೊದಲು ಹೆಚ್ಚುಕಡಿಮೆ ನಮ್ಮ ಜಾತ್ರೆಮಾಳದ ಹಾಗೇ ಇತ್ತು. ಕಡಲ ದಂಡೆಯಲ್ಲಿ ಒಬ್ಬೊಬ್ಬನದು ಒಂದೊಂದು ಆಟ. 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಅಲ್ಲಿ ಹೂಡಿದ ಇಳಿಜಾರು ರೈಲಿಗೆ ಐದು ಸೆಂಟ್ ಕೊಟ್ಟರೆ ಸಾಕಿತ್ತು. 1895ರಲ್ಲಿ ಪಾಲ್ ಬಾಯ್ಟನ್ ಎಂಬ ಈಜುಗಾರ ಸೀ ಲಯನ್ ಪಾರ್ಕಿಗೆ ಸುತ್ತ ಬೇಲಿ ಹಾಕಿ, ಬಾಗಿಲಲ್ಲೇ ಟಿಕೆಟ್ ಹರಿದ. ಎರಡು ವರ್ಷಕ್ಕೆ ಜಾರ್ಜ್ ಟಿಲ್ಯೂನ ಸ್ಟೀಪಲ್‌ಚೇಸ್, 1903ರಲ್ಲಿ ಬಾಯ್ಟನ್‌ನ ಜಾಗದಲ್ಲೇ ಲೂನಾ ಪಾರ್ಕ್, ಮರುವರ್ಷ ಡ್ರೀಮ್‌ಲ್ಯಾಂಡ್. ಲೂನಾದಲ್ಲಿ ಉರಿದದ್ದು ಎರಡೂವರೆ ಲಕ್ಷ ದೀಪ ಎಂಬ ಜಾಹೀರಾತಿತ್ತು. ಅದಕ್ಕೆ ಒಂದು ವರ್ಷ ಮೊದಲು ನಮ್ಮದೇ ಕಾವೇರಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಇಲ್ಲಿ ಅದು ಗಣಿಯ ಕೆಲಸಕ್ಕೆ; ಲೂನಾದಲ್ಲಿ ಬೆಳಕನ್ನೇ ನೋಟವಾಗಿ ಮಾರಿದರು.

ಬೇಲಿಯೊಳಗೆ ಏನನ್ನಾದರೂ ಮಾರಬಹುದಿತ್ತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ಟಿಗೆ ತೋರಿಸಿದರು. ಆಸ್ಪತ್ರೆಗಳು ಕೈಚೆಲ್ಲಿದ್ದ ಎಷ್ಟೋ ಕೂಸುಗಳು ಆ ಟಿಕೆಟ್ಟಿನ ದುಡ್ಡಿನಿಂದ ಬದುಕಿದ್ದೂ ನಿಜ, ಹಾಗಾಗಿ ಬಯ್ಯಲೂ ಕಷ್ಟ. 1907ರಲ್ಲಿ ಸ್ಟೀಪಲ್‌ಚೇಸ್ ಸುಟ್ಟುಹೋದಾಗ ಟಿಲ್ಯೂ ಆ ಬೂದಿಯನ್ನು ನೋಡಲೂ ಹತ್ತು ಸೆಂಟ್ ಇಟ್ಟ! ಡ್ರೀಮ್‌ಲ್ಯಾಂಡ್ 1911ರ ಮೇ ತಿಂಗಳಲ್ಲಿ ಉರಿದುಹೋಯಿತು, ಮತ್ತೆ ಏಳಲಿಲ್ಲ. ಬೇಲಿಗೆ ಇನ್ನೊಂದು ಮುಖವೂ ಇತ್ತು. ವಾಷಿಂಗ್ಟನ್ ಬಳಿಯ ಗ್ಲೆನ್ ಎಕೋ ಪಾರ್ಕ್ ಕಪ್ಪು ಜನರನ್ನು ಒಳಗೆ ಬಿಟ್ಟುಕೊಂಡದ್ದು 1961ರಲ್ಲಿ, ಅದೂ ಹಿಂದಿನ ವರ್ಷ ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತು ಪ್ರತಿಭಟಿಸಿದ ಮೇಲೆ.

ಆ ಬೇಲಿ ನಮ್ಮಲ್ಲಿಗೂ ಬಂದಿದೆ. ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ 82 ಎಕರೆಯದು. ಕೊಣನೂರಿನಂಥ ಊರಿನ ಮಗುವಿಗೆ ಅದು ಸಿಕ್ಕರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ. ಜಾತ್ರೆಯ ತೊಟ್ಟಿಲು ಹಾಗಲ್ಲ, ತಾನೇ ಲಾರಿ ಹತ್ತಿ ಊರಿಗೆ ಬರುತ್ತದೆ, ಅದೂ ತಂಬಾಕು ಹರಾಜಾಗಿ ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ. ದುಡ್ಡಿಲ್ಲದವರು ಕೆಳಗೆ ನಿಂತು ನೋಡಿ ನಗಬಹುದು, ನೋಟಕ್ಕೆ ಟಿಕೆಟ್ಟಿಲ್ಲ. ಹತ್ತಿದವರು ಯಾರ ಪಕ್ಕ ಕೂರಬೇಕೆಂದು ತೀರ್ಮಾನಿಸುವವನು ತೊಟ್ಟಿಲಿನ ಆಳು. ಚಕ್ರದ ತೂಕ ಒಂದೇ ಕಡೆ ಬೀಳಬಾರದು, ಅಷ್ಟೇ ಅವನ ಲೆಕ್ಕ. ಊಟದ ಪಂಕ್ತಿಯಲ್ಲಿ ಜೊತೆಗೆ ಕೂರದವರು ಅಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ತೊಟ್ಟಿಲು ಮೇಲೆ ಹೋದಾಗ ಹೊಳೆ, ತೇರು, ದನಗಳ ಸಾಲು ಎಲ್ಲ ಒಟ್ಟಿಗೆ ಕಾಣುತ್ತವೆ. ದಿನಾ ನೋಡಿದ ನೆಲವನ್ನೇ ಬೆರಗಾಗಿಸುವ ಈ ಗುಣ ಲೂನಾ ಪಾರ್ಕಿನ ಸುಳ್ಳು ಗೋಪುರಗಳಿಗೆ ಇರಲಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನು ಹೇಳದೆ ಬಿಡಲಾಗದು. ಸಡಿಲ ಮಣ್ಣಿನ ಮೇಲೆ ಮರದ ದಿಮ್ಮಿ ಇಟ್ಟು ಕಂಬ ನಿಲ್ಲಿಸುತ್ತಾರೆ. ಕೆಲವು ತೊಟ್ಟಿಲುಗಳಲ್ಲಿ ಎದುರಿನ ಒಂದು ಸರಳೇ ಕಾವಲು. ಹೆಣ್ಣುಮಕ್ಕಳ ಕೂದಲು ಯಂತ್ರಕ್ಕೆ ಸಿಕ್ಕಿದ ಅವಘಡಗಳು ನಮ್ಮ ಜಾತ್ರೆಗಳಲ್ಲಿ ನಡೆದಿವೆ. ಆಮೇಲೆ ನಾಲ್ಕು ದಿನ ಆಟ ನಿಲ್ಲುತ್ತದೆ, ಮುಂದಿನ ಜಾತ್ರೆಯಲ್ಲಿ ಅದೇ ಯಂತ್ರಕ್ಕೆ ಹೊಸ ಬಣ್ಣ. ಬೇಲಿ ಹಾಕಿದವನಿಗೆ ಒಂದು ವಿಳಾಸವಿರುತ್ತದೆ, ಕಟ್ಟಡವಿರುತ್ತದೆ, ಕೇಸು ಹಾಕಬಹುದು. ನಾಳೆ ಲಾರಿ ಹತ್ತುವವನನ್ನು ಹಿಡಿಯುವುದು ಎಲ್ಲಿ? ಪಾರ್ಕಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ, ಅದನ್ನು ತಳ್ಳಿಹಾಕುವಂತಿಲ್ಲ.

ಆದರೆ ಆ ಹೊಣೆ ಹೊರಿಸಲು ಬೇಲಿ ಬೇಕಿಲ್ಲ. ಜಾತ್ರೆಯಲ್ಲಿ ಆಟಕ್ಕೆ ಜಾಗ ಕೊಡುವವರು ಎಂಜಿನಿಯರ್ ಪರೀಕ್ಷಿಸಿದ ಪತ್ರ ಕೈಗೆ ಬಂದ ಮೇಲೆ ಜಾಗ ಕೊಡಲಿ, ಅದರ ಪ್ರತಿ ಟಿಕೆಟ್ ಪೆಟ್ಟಿಗೆಯ ಮೇಲೆ ಅಂಟಿರಲಿ. ಮುಂದಿನ ಷಷ್ಠಿಗೆ ಹೋದಾಗ ಆ ಕಾಗದ ಎಲ್ಲಿದೆ ಎಂದು ಕೇಳಿ. ತೋರಿಸದಿದ್ದರೆ ಮಕ್ಕಳನ್ನು ಹತ್ತಿಸಬೇಡಿ.