ಸುಡುವಾಗಲೂ ಸಾಕ್ಷಿ ಹೇಳುವ ತಂತಿ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಬೀಳಗಿ ಭಾಗದ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳು ತಿಂಗಳುಗಟ್ಟಲೆ ಆರುವುದಿಲ್ಲ. ಆ ಬಿಸಿಯನ್ನು ಕಂಟ್ರೋಲ್ ರೂಮಿನ ಪರದೆಗೆ ತಲುಪಿಸುವುದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಗಳನ್ನು ಬೆಸೆದರೆ ಅದು ಸಿದ್ಧ. ಬೆಸುಗೆ ಕಾದಂತೆ ಆಚೆಯ ತುದಿಗಳ ನಡುವೆ ಅಳೆಯಬಹುದಾದಷ್ಟು ವೋಲ್ಟೇಜು ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡುಕೊಂಡ ಗುಣವಿದು. ರಬಕವಿ-ಬನಹಟ್ಟಿಯ ಆಸುಪಾಸಿನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುವ ಹುಡುಗರು ದಿನವೂ ಮುಟ್ಟುವ ಈ ಸಾಧನದ ಬಳಗದ್ದೇ ಒಂದು ಕುಡಿ ಮಂಗಳ ಗ್ರಹದವರೆಗೂ ಹೋಗಿದೆ, ಇಳಿಯುವ ನೌಕೆಯ ಕಾವು ಅಳೆಯಲು.

ಭೂಮಿಯ ಕಕ್ಷೆಯಿಂದ ಇಳಿಯುವ ನೌಕೆ ಸೆಕೆಂಡಿಗೆ ಹೆಚ್ಚುಕಡಿಮೆ 8 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗುತ್ತದೆ. ಗಾಳಿಯ ತಿಕ್ಕಾಟದಿಂದ ನೌಕೆ ಕಾಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಬಹುಪಾಲು ಬಿಸಿ ಹುಟ್ಟುವುದು ಬೇರೆ ರೀತಿ: ದಾರಿ ಬಿಡಲು ಸಮಯ ಸಿಗದ ಗಾಳಿ ನೌಕೆಯ ಮುಂದೆ ಒಮ್ಮೆಲೇ ಅದುಮಿಹೋಗಿ ಸಾವಿರಾರು ಡಿಗ್ರಿಗೆ ಏರುತ್ತದೆ. ಅದನ್ನು ತಡೆಯುವ ಕವಚಕ್ಕೆ ಎಲ್ಲರ ಹೊಗಳಿಕೆಯೂ ಸಿಗುತ್ತದೆ. ಆ ಕವಚದ ಹೊಟ್ಟೆಯಲ್ಲಿ ಹೂತ ತಂತಿಗಳೇ ನನ್ನ ಮಟ್ಟಿಗೆ ಹೆಚ್ಚಿನವು. ಎಷ್ಟು ದಪ್ಪ ಸಾಕು ಎಂಬುದನ್ನು ಕವಚ ತಾನಾಗಿ ಹೇಳುವುದಿಲ್ಲ, ತಂತಿ ಹೇಳುತ್ತದೆ.

2012ರ ಆಗಸ್ಟ್‌ನಲ್ಲಿ ಮಂಗಳಕ್ಕಿಳಿದ ನಾಸಾದ ಕ್ಯೂರಿಯಾಸಿಟಿ ರೋವರಿನ ನಾಲ್ಕೂವರೆ ಮೀಟರ್ ಅಗಲದ ಕವಚದಲ್ಲಿ ಏಳು ಕಡೆ ಬಿರಡೆಗಳನ್ನು ಕೂರಿಸಿದ್ದರು. ಅವುಗಳೊಳಗೆ ಬೇರೆ ಬೇರೆ ಆಳದಲ್ಲಿ ಥರ್ಮೋಕಪಲ್‌ಗಳು. ಎಲ್ಲಕ್ಕಿಂತ ಮೇಲಿನದು ಮೇಲ್ಮೈಯಿಂದ ಬರೀ ಎರಡೂವರೆ ಮಿಲಿಮೀಟರ್ ಕೆಳಗೆ. ಹೊರಗೇ ಇಟ್ಟರೆ ಉಳಿಯುವುದಿಲ್ಲ, ಅದಕ್ಕೆ ಈ ಹೂಳುವಿಕೆ. ಯಾವ ಆಳಕ್ಕೆ ಬಿಸಿ ಯಾವ ಕ್ಷಣ ಮುಟ್ಟಿತು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಹೊರಗಿನ ಕಾವು ಸಿಗುತ್ತದೆ. ಕವಚ ಸವೆದು ಮೇಲಿನ ಕೆಲವು ತಂತಿಗಳು ಸುಟ್ಟುಹೋಗುತ್ತವೆ ಎಂದು ಗಣಿತ ಹೇಳಿತ್ತು. ಒಂದೂ ಸುಡಲಿಲ್ಲ! ಕವಚ ಸವೆದದ್ದು ಊಹಿಸಿದ್ದಕ್ಕಿಂತ ಕಡಿಮೆ. ನೆಲದ ಮೇಲೆ ಕೂತು ಇದನ್ನು ತಿಳಿಯುವ ದಾರಿಯೇ ಇರಲಿಲ್ಲ.

ಒತ್ತಡಕ್ಕೆ ಬೇರೆ ಏರ್ಪಾಡು. ಕವಚದಲ್ಲಿ ಏಳು ಸಣ್ಣ ತೂತುಗಳು, ಪ್ರತಿ ತೂತಿನ ಹಿಂದೆ ಕೊಳವೆ, ಕೊಳವೆಯ ಕೊನೆಗೆ ಒತ್ತಡದ ಸೆನ್ಸರ್. ಒಂದೊಂದು ತೂತಿನ ಒತ್ತಡದ ವ್ಯತ್ಯಾಸದಿಂದ ನೌಕೆ ಎತ್ತ ವಾಲಿದೆ, ಗಾಳಿ ಎಷ್ಟು ದಟ್ಟವಾಗಿದೆ ಎಂದು ತಿಳಿಯಬಹುದು. 2021ರ ಫೆಬ್ರವರಿಯಲ್ಲಿ ಇಳಿದ ಪರ್ಸಿವಿಯರೆನ್ಸ್ ಇಂಥದ್ದೇ ಸಲಕರಣೆಗಳನ್ನು ಕವಚದ ಹಿಂಬದಿಗೂ ಹೊತ್ತೊಯ್ದಿತ್ತು. ಅದು ನೆಲ ಮುಟ್ಟಿದ ಸುದ್ದಿಯನ್ನು ಜಗತ್ತಿಗೆ ಹೇಳಿದ ಸ್ವಾತಿ ಮೋಹನ್ ಹುಟ್ಟಿದ್ದು ಬೆಂಗಳೂರಿನಲ್ಲಿ.

ಸೆನ್ಸರ್ ಸುಟ್ಟರೆ ಅದರ ಕೆಲಸ ಮುಗಿಯಿತೆ? ಇಲ್ಲ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯಿದ್ದ ನಾಸಾದ ಕೊಲಂಬಿಯಾ ಷಟಲ್ ಬಾಹ್ಯಾಕಾಶದಿಂದ ಮರಳಿ ಬರುವಾಗ ಛಿದ್ರವಾಯಿತು. ಮೊದಲು ಹಾರಿದ ಷಟಲ್ ಆದ್ದರಿಂದ ಅದರ ಮೈತುಂಬ ಅಧ್ಯಯನದ ಸೆನ್ಸರ್‌ಗಳಿದ್ದವು, ಅವುಗಳ ಅಳತೆಗಳು ಒಂದು ಮ್ಯಾಗ್ನೆಟಿಕ್ ಟೇಪಿಗೆ ಇಳಿಯುತ್ತಿದ್ದವು. ಮಾರ್ಚ್ 19ರಂದು ಟೆಕ್ಸಾಸಿನ ಹೆಂಫಿಲ್ ಬಳಿ ಆ ರೆಕಾರ್ಡರ್ ಸಿಕ್ಕಿತು. ಎಡ ರೆಕ್ಕೆಯ ಮುಂಚೂಣಿಯ ಹಿಂದಿದ್ದ ಸೆನ್ಸರ್‌ಗಳು ಮೊದಲು ಅಸಹಜ ಅಳತೆ ತೋರಿಸಿ, ಆಮೇಲೆ ಒಂದರ ಹಿಂದೊಂದು ಮೂಕವಾಗಿದ್ದವು. ಯಾವುದು ಯಾವಾಗ ಸುಟ್ಟಿತು ಎಂಬ ಕ್ರಮವೇ ಬಿಸಿ ಗಾಳಿ ಎಲ್ಲಿಂದ ಒಳಹೊಕ್ಕು ಎತ್ತ ಹರಿಯಿತು ಎಂದು ತೋರಿಸಿಕೊಟ್ಟಿತು. ಉಡಾವಣೆಯ ವೇಳೆ ಫೋಮ್ ಹೊದಿಕೆಯ ತುಂಡು ಬಡಿದು ರೆಕ್ಕೆಯ ಅಂಚಿಗಾದ ಗಾಯದ ಕಡೆಗೇ ಅದು ಬೆರಳು ಮಾಡಿತು. ಆ ತಂತಿಗಳ ಸಾವೇ ಸಾಕ್ಷಿಯಾಯಿತು.

ನಮ್ಮ ಇಸ್ರೊದವರೂ ಈ ಬೆಂಕಿ ದಾಟಿದ್ದಾರೆ. 2007ರ ಜನವರಿ 10ರಂದು ಹೋದ ಸುಮಾರು 550 ಕಿಲೋ ತೂಕದ ಎಸ್‌ಆರ್‌ಇ-1 ಕೋಶ 22ರಂದು ಬಂಗಾಳ ಕೊಲ್ಲಿಯಲ್ಲಿ ಸುರಕ್ಷಿತವಾಗಿ ಬಿತ್ತು. 2014ರ ಡಿಸೆಂಬರ್ 18ರಂದು ಗಗನಯಾತ್ರಿಗಳ ಕೋಶದ ಮಾದರಿ ‘ಕೇರ್’ 126 ಕಿಲೋಮೀಟರ್ ಎತ್ತರದಿಂದ ಇಳಿಯಿತು. ಇವುಗಳಿಗಿಂತ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ಟನಲ್‌ನಲ್ಲಿ. ಅಲ್ಲಿ ಶಬ್ದದ ಹಲವು ಪಟ್ಟು ವೇಗದ ಗಾಳಿ ಮಾದರಿಯ ಮೇಲೆ ಹರಿಯುವುದು ಸುಮಾರು ಒಂದು ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಕಾವು ಅಳೆಯಲು ಬೇಕಾದ ಚುರುಕು ಸಾಮಾನ್ಯ ಥರ್ಮೋಕಪಲ್‌ಗೆ ಇಲ್ಲ. ಅದಕ್ಕೆಂದೇ ಸೆರಾಮಿಕ್ ತುಂಡಿನ ಮೇಲೆ ಪ್ಲಾಟಿನಮ್ಮಿನ ಅತಿ ತೆಳುವಾದ ಪದರ ಹಚ್ಚುತ್ತಾರೆ. ಪದರ ಕಾದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ನನಗೆ ಗೊತ್ತಿರುವ ಸೆನ್ಸರ್‌ಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ನಿಖರವಾಗಿ ಕೆಲಸ ಮಾಡುವುದು ಇನ್ನೊಂದಿಲ್ಲ.

ನಮ್ಮ ನಾಲ್ಕೂ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಒಂದು ಕಬ್ಬಿಣದ ತಂತಿ, ಎರಡು ತಾಮ್ರದ ತಂತಿ ತನ್ನಿ. ಕಬ್ಬಿಣದ ಎರಡೂ ತುದಿಗೆ ತಾಮ್ರವನ್ನು ಬಿಗಿಯಾಗಿ ಹೊಸೆದು, ಒಂದು ಗಂಟನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿ. ತಾಮ್ರದ ಬಿಡಿ ತುದಿಗಳಿಗೆ ಮಲ್ಟಿಮೀಟರ್ ಹಚ್ಚಿದರೆ ಹೆಚ್ಚುಕಡಿಮೆ ಒಂದು ಮಿಲಿವೋಲ್ಟ್ ಕಾಣಿಸುತ್ತದೆ. ಆ ಅಂಕಿಯನ್ನು ಮಕ್ಕಳೇ ಓದಿ ಬರೆದುಕೊಳ್ಳಲಿ.